ಡಿಸೆಂಬರ್‌ನಲ್ಲಿ ಹುಟ್ಟಿದ ತಂಗಿಗೆ ನೀಲಿ ಹರಳಿನ ಉಂಗುರ: ಟಾಂಜನೈಟ್, ಜಿರ್ಕಾನ್, ಟರ್ಕಾಯ್ಸ್, ಯಾವುದು ಸರಿ?

ನಾನೂ ಇದೇ ಮೂರನ್ನು ಮುಂದಿಟ್ಟುಕೊಂಡು ಕೂತಿದ್ದೆ, ಹೆಂಡತಿಯ ಹುಟ್ಟುಹಬ್ಬಕ್ಕೆ. ಟಾಂಜನೈಟ್ ನೋಡಿದ ಮೇಲೆ ಉಳಿದೆರಡು ಕಣ್ಣಿಗೇ ಬೀಳಲಿಲ್ಲ. ಒಂದು ಕಡೆಯಿಂದ ಕಡುನೀಲಿ, ಚೂರು ಹೊರಳಿಸಿದರೆ ನೇರಳೆ. ಉಂಗುರದ ಮೇಲೆ ಎತ್ತರಕ್ಕೆ ಕೂರಿಸಿ ಅಂದೆ, ಬೆಳಕು ಎಲ್ಲ ಕಡೆಯಿಂದ ಬೀಳಲಿ ಅಂತ. ಅವಳು ಒಂದು ದಿನವೂ ಅದನ್ನು ಕಳಚಲಿಲ್ಲ. ವರ್ಷ ತುಂಬುವ ಮೊದಲೇ ಹೊಳಪು ಮಂಕಾಯಿತು. ಆಮೇಲೊಂದು ದಿನ ಕೈ ನಲ್ಲಿಗೆ ತಗುಲಿ, ಹರಳಿನ ಒಂದು ಅಂಚು ಚಕ್ಕೆಯಾಗಿ ಎದ್ದುಬಂತು.

ಹರಳು ಆರಿಸಿದ್ದರಲ್ಲಿ ನಾನು ತಪ್ಪಿರಲಿಲ್ಲ, ಅದನ್ನು ಬೆರಳಿಗೆ ಹಾಕಿಸಿದ್ದೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ (ಅಂಕಿ ಹೆಚ್ಚಿದಷ್ಟೂ ಗಡಸು) ಟಾಂಜನೈಟ್ 6ರಿಂದ 7ರ ನಡುವೆ. ಮನೆಯ ಧೂಳಿನಲ್ಲಿರುವ ಮರಳಿನ ಕಣ, ಅಂದರೆ ಕ್ವಾರ್ಟ್ಜ್, 7. ಉಂಗುರ ಮಂಕಾಯಿತಲ್ಲ ಎಂದು ನಾನು ಒಣಬಟ್ಟೆಯಲ್ಲಿ ತಿಕ್ಕಿದಾಗಲೆಲ್ಲ ಆ ಧೂಳೇ ಹರಳನ್ನು ಗೀರುತ್ತಿತ್ತು. ಇನ್ನೊಂದು, ಸೌದೆ ಎಳೆಯ ಗುಂಟ ಸೀಳುವ ಹಾಗೆ ಟಾಂಜನೈಟ್ ಒಂದು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ಪೆಟ್ಟು ಜೋರಾಗಿಯೇ ಬೀಳಬೇಕೆಂದಿಲ್ಲ. ಶಬ್ದದ ಕಂಪನದಿಂದ ಆಭರಣ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಿಸಿದರೂ ಬಿರುಕು ಬಿಡಬಹುದು. ಬಣ್ಣ ನೋಡಿದ ನಾನು ಇದ್ಯಾವುದನ್ನೂ ಕೇಳಲೇ ಇಲ್ಲ.

ಮೂರರಲ್ಲಿ ನಿಜವಾದ ಡಿಸೆಂಬರ್ ಕಲ್ಲು ಯಾವುದೆಂದೂ ಕೇಳಿದ್ದೀರಿ. ಆ ಚಿಂತೆ ಬಿಡಿ. ಯಾವ ತಿಂಗಳಲ್ಲಿ ಹುಟ್ಟಿದವರಿಗೆ ಯಾವ ಕಲ್ಲು ಎಂದು ಈಗ ಎಲ್ಲರೂ ತೋರಿಸುವ ಪಟ್ಟಿಯನ್ನು ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಮಾಡಿದ್ದು 1912ರಲ್ಲಿ. ಜಿರ್ಕಾನ್ ಸೇರಿದ್ದು 1952ರಲ್ಲಿ. ಟಾಂಜನೈಟ್ ಟಾಂಜಾನಿಯಾದಲ್ಲಿ ಸಿಕ್ಕಿದ್ದೇ 1967ರಲ್ಲಿ, ಪಟ್ಟಿಗೆ ಬಂದದ್ದು 2002ರಲ್ಲಿ. ಈ ಪಟ್ಟಿಗಾಗಿ ನಿಮ್ಮ ತಂಗಿ ಒಲ್ಲದ ಕಲ್ಲನ್ನು ತೊಡಬೇಕಿಲ್ಲ.

ನಿಮ್ಮ ತಂಗಿ ಅದನ್ನು ಎಲ್ಲಿ ತೊಡುತ್ತಾಳೆ ಎಂಬುದನ್ನು ಮೊದಲು ತೀರ್ಮಾನಿಸಿ. ಓಲೆಯೋ ಪದಕವೋ ಆದರೆ ಕಣ್ಣುಮುಚ್ಚಿ ಟಾಂಜನೈಟ್. ದಿನವೂ ತೊಡುವ ಉಂಗುರವೇ ಬೇಕೆಂದರೆ ನಿಮ್ಮ ಮೂರೂ ಬೇಡ. ಜಿರ್ಕಾನ್ ಗಡಸು, ಮಿಂಚೂ ಹೆಚ್ಚು, ಆದರೆ ಅಂಚು ಬೇಗ ಸವೆದು ಉದುರುತ್ತದೆ. (ಕ್ಯೂಬಿಕ್ ಜಿರ್ಕೋನಿಯಾ ಬೇರೆ, ಅದು ಕಾರ್ಖಾನೆಯಲ್ಲಿ ಮಾಡಿದ್ದು. ಕೊಳ್ಳುವಾಗ ಬಾಯಿಬಿಟ್ಟು ಕೇಳಿ.) ಟರ್ಕಾಯ್ಸ್ ಎಣ್ಣೆ, ಸೋಪು, ಸೆಂಟು ಹೀರಿಕೊಂಡು ಹಸಿರಿಗೆ ತಿರುಗುತ್ತದೆ. ಉಂಗುರಕ್ಕೆ ನೀಲಮಣಿಯನ್ನೇ ಹಾಕಿಸಿ. ಪಟ್ಟಿಯಲ್ಲಿ ಅದು ಸೆಪ್ಟೆಂಬರ್‌ನದು, ಇರಲಿ. ಅದರ ಗಡಸುತನ 9, ಸೀಳುವ ಭಯವೂ ಇಲ್ಲ. ಸುತ್ತ ಲೋಹದ ಅಂಚು ಕಟ್ಟಿಸಿ, ತಗ್ಗಿಸಿ ಕೂರಿಸಿ.

ನಮ್ಮ ಹರಳಿಗೆ ಮತ್ತೆ ಸಾಣೆ ಹಿಡಿಸಿದೆವು. ಮೊದಲಿಗಿಂತ ಚಿಕ್ಕದಾಗಿದೆ. ಈಗ ಅವಳ ಕೊರಳ ಸರದಲ್ಲಿದೆ, ನಾಲ್ಕು ವರ್ಷದಿಂದ ಒಂದು ಗೀರೂ ಬಿದ್ದಿಲ್ಲ.