ಕಡಿಮೆ ಖರ್ಚಿನಲ್ಲಿ ಕೆಟ್ಟುಹೋದ ಜಗತ್ತನ್ನು ಕಟ್ಟುವುದು ಹೇಗೆ?

ಎಲ್ಲವೂ ಕೆಟ್ಟುಹೋದ ಭವಿಷ್ಯದ ಕಥೆಯೊಂದನ್ನು ಹದಿನೈದು ನಿಮಿಷದ ಕಿರುಚಿತ್ರ ಮಾಡಬೇಕು, ಗ್ರಾಫಿಕ್ಸ್‌ಗೆ ದುಡ್ಡಿಲ್ಲ, ನೋಡುವವರು ನಂಬುತ್ತಾರೆಯೇ ಎಂದು ಕೇಳಿದ್ದೀರಿ. ನಂಬುತ್ತಾರೆ. ನಾನು ಇದೇ ಕೆಲಸಕ್ಕೆ ಕೈ ಹಾಕಿ ಸೋತವನು, ಹಾಗಾಗಿ ಸೋಲಿನಿಂದಲೇ ಶುರು ಮಾಡುತ್ತೇನೆ.

ನಮ್ಮದು ಕಲಬುರಗಿ. ಇಲ್ಲಿ ಪಾಳು ಗೋಡೆಗಳಿಗೆ ಬರವಿಲ್ಲ. ಮೂವರು ಗೆಳೆಯರಿಗೆ ಹರಿದ ಗೋಣಿಚೀಲ ಹೊದಿಸಿ, ಮುಖಕ್ಕೆ ಮಸಿ ಬಳಿದು, ಮೇ ತಿಂಗಳ ಬಿಸಿಲಿನಲ್ಲಿ ಕೋಟೆಯೊಳಗೆ ಒಂದೂವರೆ ದಿನ ಚಿತ್ರೀಕರಿಸಿದೆ. ಮೊದಲ ಎರಡು ನಿಮಿಷ ಹಿನ್ನೆಲೆ ದನಿಯಲ್ಲಿ ಯುದ್ಧ, ವಿಷಗಾಳಿ, ಸರ್ವನಾಶದ ಪ್ರವಚನ. ಮುಗಿಸಿ ಅವ್ವನಿಗೆ ತೋರಿಸಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತಲೇ ನೋಡಿದ ಅವಳು ಕೇಳಿದ್ದು ಒಂದೇ ಮಾತು: “ಇವರಿಗೆ ನೀರು ಯಾರು ಬಿಡುತ್ತಾರೆ?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಪಾಳು ಕಟ್ಟಡ ನಮ್ಮ ಕಡೆಯವರನ್ನು ಹೆದರಿಸುವುದಿಲ್ಲ. ಬೀದರಿನ ಮಹಮೂದ್ ಗಾವಾನನ ಮದರಸಾ 1472ರದು. ಮದ್ದು ಸಿಡಿದು ಅದು ಹಾಳಾಗಿ ಮುನ್ನೂರು ವರ್ಷ ದಾಟಿದೆ. ಒಂದು ಮಿನಾರು ನಿಂತಿದೆ, ಇನ್ನೊಂದು ಇಲ್ಲ. ಜನ ಅದರ ಮುಂದೆ ನಿಂತು ನಗುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ನಿಮ್ಮ ಕ್ಯಾಮೆರಾ ಅಲ್ಲಿಗೆ ಹೋದರೆ ಪ್ರವಾಸದ ವಿಡಿಯೊ ಆಗುತ್ತದೆ, ಅಷ್ಟೇ.

2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರದ ಬಗ್ಗೆ ಮಾತಾಡುವವರೆಲ್ಲ ಗಾಡಿಗಳ ಓಟವನ್ನು ಹೊಗಳುತ್ತಾರೆ. ನನಗೆ ಆರಂಭದ ಒಂದು ದೃಶ್ಯವೇ ಸಾಕು. ಬಂಡೆಯ ಮೇಲಿನಿಂದ ಒಡೆಯ ನೀರು ಬಿಡಿಸುತ್ತಾನೆ, ಕೆಳಗೆ ಪಾತ್ರೆ ಹಿಡಿದ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ತುಂಬುವ ಮೊದಲೇ ನೀರು ನಿಲ್ಲುತ್ತದೆ. ಮೇಲಿಂದ ಅವನು, ನೀರಿನ ಚಟ ಅಂಟಿಸಿಕೊಳ್ಳಬೇಡಿ ಎಂದು ಬುದ್ಧಿ ಬೇರೆ ಹೇಳುತ್ತಾನೆ. ನಳಕ್ಕೆ ನಾಲ್ಕೈದು ದಿನಕ್ಕೊಮ್ಮೆ ನೀರು ಬರುತ್ತಿದ್ದ ಓಣಿಯಲ್ಲಿ ಬೆಳೆದ ನನಗೆ ಆ ಪಾತ್ರೆಗಳ ಸದ್ದು ಗುರುತಿತ್ತು. ನಮ್ಮ ಓಣಿಯಲ್ಲಿ ಎಲ್ಲರೂ ಎಲ್ಲರ ಜೊತೆ ಜಗಳವಾಡುತ್ತಿದ್ದರು, ನೀರು ಬಿಡುವ ವಾಲ್ವ್‌ಮನ್ ಜೊತೆ ಮಾತ್ರ ಯಾರೂ ಆಡುತ್ತಿರಲಿಲ್ಲ. ಅವನಿಗೆ ಪ್ರತಿ ಮನೆಯಲ್ಲೂ ಚಹಾ. (ಅಂದ ಹಾಗೆ, ಆ ಚಿತ್ರವನ್ನು ಆಸ್ಟ್ರೇಲಿಯದ ಬಂಜರು ನೆಲದಲ್ಲಿ ತೆಗೆಯಬೇಕೆಂದಿದ್ದರು. ಮಳೆ ಸುರಿದು ನೆಲದ ತುಂಬ ಹೂವು ಅರಳಿದ್ದರಿಂದ ನಮೀಬಿಯಕ್ಕೆ ಹೋಗಬೇಕಾಯಿತು. ನಮ್ಮೂರಿನ ಮೇ ತಿಂಗಳಲ್ಲಿ ನಿಮಗೆ ಆ ಭಯ ಬೇಡ.)

2024ರ ‘ಕಲ್ಕಿ 2898 ಎಡಿ’ಯಲ್ಲೂ ಗಂಗೆ ಬತ್ತಿದೆ, ಸಂಪತ್ತೆಲ್ಲ ಮೇಲಿರುವ ಉಳ್ಳವರ ನಗರ ಸೇರಿಕೊಂಡಿದೆ. ಆದರೆ ಹೊಡೆದಾಟ ಶುರುವಾದ ಮೇಲೆ ಬಾಯಾರಿಕೆಯ ನೆನಪು ಯಾರಿಗೂ ಉಳಿಯುವುದಿಲ್ಲ ಎಂಬುದು ನನ್ನ ತಕರಾರು.

ನೀವು ನಿಜವಾಗಿ ನೋಡಬೇಕಾದದ್ದು ಅಲ್ಫಾನ್ಸೊ ಕುವಾರೊನ್ 2006ರಲ್ಲಿ ತೆಗೆದ ‘ಚಿಲ್ಡ್ರನ್ ಆಫ್ ಮೆನ್’. ಕಥೆ ನಡೆಯುವುದು 2027ರಲ್ಲಿ. ಹದಿನೆಂಟು ವರ್ಷದಿಂದ ಭೂಮಿಯ ಮೇಲೆ ಒಂದು ಮಗುವೂ ಹುಟ್ಟಿಲ್ಲ. ಏಕೆ ಎಂದು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಕಾಫಿ ಅಂಗಡಿ ತೆರೆದೇ ಇದೆ, ಬಸ್ಸು ಓಡುತ್ತಿದೆ, ಜನ ಕಚೇರಿಗೆ ಹೋಗುತ್ತಾರೆ. ಶಾಲೆ ಮಾತ್ರ ಪಾಳು, ಅದರೊಳಗೆ ಜಿಂಕೆಯೊಂದು ಅಡ್ಡಾಡುತ್ತದೆ. ಜಿಂಕೆ ನಿಮ್ಮಿಂದಾಗದು, ಬಿಡಿ. ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ಶಾಲೆ, ಅಂಗಳದಲ್ಲಿ ಮಲಗಿದ ಎಮ್ಮೆ, ಗೋಡೆಯ ಮೇಲೆ ಅರ್ಧ ಅಳಿಸಿದ ಮಗ್ಗಿ: ಇವಕ್ಕೆ ಖರ್ಚಿಲ್ಲ.

ಆದ್ದರಿಂದ ಜಗತ್ತು ಹೇಗೆ ಹಾಳಾಯಿತು ಎಂಬ ಪುಟಗಳನ್ನು ಹರಿದುಹಾಕಿ. ಒಂದು ಕಟ್ಟಳೆ ಮಾಡಿ, ಅದನ್ನು ಪಾಲಿಸುವವರನ್ನು ತೋರಿಸಿ. ನಾನಾಗಿದ್ದರೆ ಬೀದರಿನ ಸುರಂಗ ಬಾವಿಗೆ ಹೋಗುತ್ತಿದ್ದೆ. ಬಹಮನಿಗಳ ಕಾಲದ ಆ ಕಾಲುವೆ ನೆಲದಡಿಯಲ್ಲೇ ನೀರು ಒಯ್ಯುತ್ತಿತ್ತು, ಮೇಲಿನಿಂದ ಅದಕ್ಕೆ ಇಳಿಯುವ ಗಾಳಿಬಾವಿಗಳು ಅಲ್ಲಲ್ಲಿ. ಒಂದು ಗಾಳಿಬಾವಿ, ಒಂದು ಹಗ್ಗ, ವಾರಕ್ಕೆ ಮನೆಗೊಂದು ಕೊಡ. ಬಾವಿಯ ಬಾಯಲ್ಲಿ ಕೂತು ಲೆಕ್ಕ ಬರೆಯುವ ಹುಡುಗಿ. ಅವಳ ತಮ್ಮನಿಗೆ ಜ್ವರ ಬಂದ ದಿನದಿಂದ ಕಥೆ ಶುರು.

ಒಂದು ಎಚ್ಚರಿಕೆ. ಸಂರಕ್ಷಿತ ಸ್ಮಾರಕದಲ್ಲಿ ತೆಗೆಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ನಾವು ಪಡೆದಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕಾವಲುಗಾರ ಹೊರಗೆ ಅಟ್ಟಿದ. ಮಸಿ ಮುಖ, ಗೋಣಿಚೀಲದಲ್ಲೇ ಆಟೊ ಹತ್ತಿ ಮನೆಗೆ ಬಂದೆವು.