ಪುಕ್ಕಟೆ ಸಾಫ್ಟ್‌ವೇರಿಗೆ ಸಂಬಳ ಕೊಡೋರು ಯಾರು?

ಪ್ರಶ್ನೆ: ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವುದರೊಳಗೆ ನಮ್ಮ ಕಾಲೇಜಿನ ಲೈಬ್ರರಿಯನ್ನು ಕಂಪ್ಯೂಟರಿಗೆ ಏರಿಸಬೇಕು ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಒಬ್ಬ ಏಜೆನ್ಸಿಯವರು ‘ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರು ಹಾಕಿಸಿ, ಓಪನ್ ಸೋರ್ಸ್, ಪೂರ್ತಿ ಪುಕ್ಕಟೆ’ ಅಂದರು. ಆಮೇಲೆ ಅವರೇ ವರ್ಷದ ಎಎಂಸಿ (ನಿರ್ವಹಣೆಯ ಕರಾರು) ಅಂತ ಕೊಟೇಶನ್ ಕಳಿಸಿದ್ದಾರೆ. ಪುಕ್ಕಟೆ ಅಂದ ಮೇಲೆ ದುಡ್ಡು ಯಾಕೆ? ನಾಳೆ ನಿಂತುಹೋದರೆ ಯಾರನ್ನು ಕೇಳೋದು?
– ಗ್ರಂಥಪಾಲಕಿ, ಹಾವೇರಿ

ಉತ್ತರ: ಕೊಟೇಶನ್ ಬಂದಿದೆ ಅಂತ ಅನುಮಾನ ಪಡಬೇಡಿ ಮೇಡಂ. ಓಪನ್ ಸೋರ್ಸ್ ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಿ ಬಳಸಬಹುದು. ಪುಕ್ಕಟೆ ಇರುವುದು ಸಾಫ್ಟ್‌ವೇರು. ಅದನ್ನು ಸರ್ವರಿಗೆ ಹಾಕಿ, ಕೆಟ್ಟಾಗ ಬಂದು ನೋಡುವವರ ದುಡಿಮೆ ಪುಕ್ಕಟೆ ಅಲ್ಲ. ಕೋಹಾ ಹುಟ್ಟಿದ್ದೇ ಹೀಗೆ. 1999ರಲ್ಲಿ ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಕಡೆಯ ಲೈಬ್ರರಿಯವರಿಗೆ ವೈಟುಕೆ ಭಯ. ಅವರ ಹಳೇ ಸಾಫ್ಟ್‌ವೇರು 2000ನೇ ಇಸವಿ ದಾಟುವ ಹಾಗಿರಲಿಲ್ಲ. ಕಟಿಪೊ ಅನ್ನೋ ಸಣ್ಣ ಕಂಪನಿಗೆ ದುಡ್ಡು ಕೊಟ್ಟು ಹೊಸದು ಬರೆಸಿದರು, ಬರೆಸಿದ್ದನ್ನು ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟರು. ಆಮೇಲೆ ಅಮೆರಿಕದ ಓಹಾಯೋದ ಒಂದು ಲೈಬ್ರರಿ ತನಗೆ ಬೇಕಾದ ಮಾರ್ಕ್ (ಪುಸ್ತಕದ ವಿವರ ಬರೆದಿಡುವ, ಲೈಬ್ರರಿಗಳೆಲ್ಲ ಒಪ್ಪಿದ ನಮೂನೆ) ಸೌಲಭ್ಯಕ್ಕೆ ತಾನೇ ಹಣ ಹಾಕಿತು. ಅದನ್ನೇ ಇವತ್ತು ನೀವೂ ಬಳಸುತ್ತೀರಿ. ಬೇಕಾದವರು ಒಮ್ಮೆ ದುಡ್ಡು ಕೊಟ್ಟು ಬರೆಸುತ್ತಾರೆ, ಉಳಿದವರಿಗೂ ಸಿಗುತ್ತದೆ. ಕಂಪನಿಗಳು ಸರ್ವಿಸ್ ಮಾಡಿ ಹೊಟ್ಟೆ ಹೊರೆಯುತ್ತವೆ.

ಜಗಳ ಆಗಿಲ್ಲ ಅಂತಲ್ಲ. ಅಮೆರಿಕದ ಒಂದು ಕಂಪನಿ ಕೋಹಾದ ವೆಬ್‌ಸೈಟನ್ನೇ ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು. 2011ರಲ್ಲಿ ನ್ಯೂಜಿಲೆಂಡಿನಲ್ಲಿ ಆ ಹೆಸರಿನ ಟ್ರೇಡ್‌ಮಾರ್ಕಿನ ಮೇಲೂ ದೊಡ್ಡ ಗಲಾಟೆ ಆಯಿತು. ಆದರೂ ಸಾಫ್ಟ್‌ವೇರು ನಿಲ್ಲಲಿಲ್ಲ. ಕೋಡ್ ಬರೆಯುವವರು ಬೇರೆ ವೆಬ್‌ಸೈಟ್ ಮಾಡಿಕೊಂಡು ಮುಂದುವರಿದರು. ಕೋಡಿನ ಹಕ್ಕು ನೂರಾರು ಜನರಲ್ಲಿ ಹಂಚಿಹೋಗಿದೆ, ಒಬ್ಬರೇ ಕೂತು ಲೈಸೆನ್ಸ್ ಬದಲಿಸುವ ಹಾಗಿಲ್ಲ. ನನ್ನ ಮಟ್ಟಿಗೆ ಕೋಹಾದ ದೊಡ್ಡ ಬಲ ಇದೇ. ಮೆನು ಚೆನ್ನಾಗಿದೆಯಾ, ಬಣ್ಣ ಚೆನ್ನಾಗಿದೆಯಾ ಅನ್ನೋದೆಲ್ಲ ಆಮೇಲಿನ ಮಾತು.

ಇನ್ನು ನೀವೇ ಪರೀಕ್ಷೆ ಮಾಡಿ. ಕೋಹಾದ ಆವೃತ್ತಿಯ ಸಂಖ್ಯೆಯಲ್ಲೇ ವರ್ಷ, ತಿಂಗಳು ಇರುತ್ತೆ. 23.11 ಅಂದರೆ 2023ರ ನವೆಂಬರಿನದು. ಆರು ತಿಂಗಳಿಗೊಂದು ಹೊಸತು ಬರುತ್ತೆ. ಏಜೆನ್ಸಿಯವರು ಡೆಮೊ ತೋರಿಸುವಾಗ ಆ ಸಂಖ್ಯೆ ನೋಡಿ. ನಾಲ್ಕೈದು ವರ್ಷ ಹಳೆಯದಾದರೆ ಅವರಿಗೆ ಅಪ್‌ಡೇಟ್ ಮಾಡುವ ಅಭ್ಯಾಸ ಇಲ್ಲ ಅಂತ ಲೆಕ್ಕ. ನಿಮ್ಮ ಅಕ್ಸೆಶನ್ ರಿಜಿಸ್ಟರಿನಿಂದ (ಪುಸ್ತಕ ಬಂದಂತೆ ಬರೆದಿಡುವ ದಾಖಲೆ) ಒಂದು ಕಪಾಟಿನಷ್ಟು ಪುಸ್ತಕ ಹಾಕಿಸಿ, ‘ಕೃಷಿ’ ಅಂತ ಯೂನಿಕೋಡಿನಲ್ಲಿ ಹೊಡೆದು ಹುಡುಕಿ. ಹಳೇ ಪಟ್ಟಿ ನುಡಿ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದ್ದು (ಅಂದರೆ ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ) ಅದನ್ನು ಹಾಗೇ ತುಂಬಿದ್ದರೆ ಒಂದು ಪುಸ್ತಕವೂ ಸಿಗಲ್ಲ, ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದು ಕೋಹಾದ ತಪ್ಪಲ್ಲ, ಯೂನಿಕೋಡಿಗೆ ಬದಲಿಸದೆ ತುಂಬಿದವರ ತಪ್ಪು. ಬದಲಿಸುವ ಖರ್ಚು ಕೊಟೇಶನ್ನಿನಲ್ಲಿದೆಯಾ ಕೇಳಿ.

ಎಲ್ಲಕ್ಕಿಂತ ಮುಖ್ಯ, ಕರಾರು. ನಾನು ನೋಡಿದ ಒಂದು ಕಾಲೇಜಿನಲ್ಲಿ ಸರ್ವರಿನ ಪೂರ್ತಿ ಹಿಡಿತ ಕೊಡುವ ರೂಟ್ ಪಾಸ್‌ವರ್ಡ್ ಏಜೆನ್ಸಿಯವನ ಹತ್ತಿರ ಮಾತ್ರ ಇತ್ತು. ಎಎಂಸಿ ನಿಲ್ಲಿಸುತ್ತೇವೆ ಅಂದ ಕೂಡಲೇ ಅವನು ಫೋನ್ ಎತ್ತೋದು ಬಿಟ್ಟ. ಸಾಫ್ಟ್‌ವೇರು ಓಪನ್, ಬೀಗದ ಕೈ ಮಾತ್ರ ಅವನ ಜೇಬಲ್ಲಿ! ಹಾಗಾಗಿ ಬರವಣಿಗೆಯಲ್ಲೇ ಹಾಕಿಸಿ: ರೂಟ್ ಪಾಸ್‌ವರ್ಡ್ ಕಾಲೇಜಿನ ಬೀರುವಿನಲ್ಲಿರಬೇಕು, ದಿನದ ಬ್ಯಾಕಪ್ ಕಾಲೇಜಿನ ಹಾರ್ಡ್‌ಡಿಸ್ಕಿನಲ್ಲಿರಬೇಕು, ಕೇಳಿದಾಗ ಮಾರ್ಕ್ ಫೈಲ್ ತೆಗೆದುಕೊಡಬೇಕು. ಮಾರ್ಕ್ ಫೈಲಿನಲ್ಲಿ ಪುಸ್ತಕದ ವಿವರ ಬರುತ್ತೆ. ಯಾವ ಹುಡುಗ ಯಾವ ಪುಸ್ತಕ ಒಯ್ದಿದ್ದಾನೆ ಅನ್ನೋದು ಡೇಟಾಬೇಸಿನಲ್ಲಿರುತ್ತೆ, ಅದನ್ನೂ ಬೇರೆಯಾಗಿ ಕೇಳಿ. ಇಷ್ಟು ಕೈಯಲ್ಲಿದ್ದರೆ ಬೇರೆ ಏಜೆನ್ಸಿಗೆ ಹೋಗೋದು ಕಷ್ಟವಲ್ಲ. ಕೋಹಾ ಗೊತ್ತಿರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಪ್ರಶ್ನೆ: ನಮ್ಮ ಸಣ್ಣ ಕಂಪನಿಯಲ್ಲಿ ರೆಡಿಸ್ (ಡೇಟಾವನ್ನು ಮೆಮರಿಯಲ್ಲಿಟ್ಟು ಬೇಗ ಕೊಡುವ ಸಾಫ್ಟ್‌ವೇರು) ಬಳಸುತ್ತೇವೆ. ಲೈಸೆನ್ಸ್ ಬದಲಾಯಿತು, ಬಿಟ್ಟುಬಿಡಿ ಅಂತ ಗೆಳೆಯರು ಹೆದರಿಸುತ್ತಿದ್ದಾರೆ.
– ಮೈಸೂರಿನ ಓದುಗ

ಉತ್ತರ: ಅಷ್ಟೊಂದು ಹೆದರಬೇಡಿ. ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಸಾಫ್ಟ್‌ವೇರನ್ನು ಬಾಡಿಗೆಗೆ ಬಿಟ್ಟು ಕಾಸು ಮಾಡುತ್ತಿವೆ, ನಮಗೆ ಏನೂ ಬರುತ್ತಿಲ್ಲ ಅನ್ನೋದು ರೆಡಿಸ್‌ನವರ ದೂರಾಗಿತ್ತು. 2024ರ ಮಾರ್ಚಿನಲ್ಲಿ ಲೈಸೆನ್ಸ್ ಬಿಗಿ ಮಾಡಿದರು. ಗುರಿ ಆ ಕ್ಲೌಡ್‌ನವರು, ನಿಮ್ಮಂಥ ಬಳಕೆದಾರರಲ್ಲ. ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ಅಡಿ ವಾಲ್ಕಿ ಅನ್ನೋ ಕವಲು (ರೆಡಿಸ್‌ನ ಹಳೇ ಮುಕ್ತ ಕೋಡಿನಿಂದಲೇ ಬೇರೆಯಾಗಿ ಬೆಳೆಸಿದ್ದು) ಹುಟ್ಟಿತು. 2025ರ ಮೇನಲ್ಲಿ ರೆಡಿಸ್ 8 ಬಂದಾಗ ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸನ್ನೂ ಸೇರಿಸಿದರು. ಇಲಾಸ್ಟಿಕ್‌ಸರ್ಚ್ ಅನ್ನೋ ಹುಡುಕಾಟದ ಸಾಫ್ಟ್‌ವೇರಿನವರೂ 2021ರಲ್ಲಿ ಹೀಗೇ ಬಿಗಿ ಮಾಡಿ 2024ರಲ್ಲಿ ಎಜಿಪಿಎಲ್‌ಗೆ ಬಂದಿದ್ದರು. ಒಂದೇ ಕಂಪನಿ ಮಾಲೀಕನಾಗಿದ್ದು, ಅದಕ್ಕೆ ಷೇರುದಾರರ ಒತ್ತಡವೂ ಇದ್ದರೆ ಇಂಥದ್ದು ಮತ್ತೆ ಆಗುತ್ತೆ ಅಂತ ನಾನಂದುಕೊಂಡಿದ್ದೇನೆ. ಹೊಸ ಪ್ರಾಜೆಕ್ಟ್ ಆದರೆ ವಾಲ್ಕಿ ಹಾಕಿ. ನಡೀತಿರೋದನ್ನು ಸುಮ್ನೆ ಕೆದಕಬೇಡಿ.

ಪ್ರಶ್ನೆ: ಓಪನ್ ಸೋರ್ಸ್ ಬರೆಯುವವರಿಗೆ ನಮ್ಮ ಕಡೆಯವರು ಯಾರಾದರೂ ದುಡ್ಡು ಕೊಡ್ತಾರಾ?
– ವಿದ್ಯಾರ್ಥಿ, ಸುರತ್ಕಲ್

ಉತ್ತರ: ಕೊಡ್ತಾರೆ. ಬೆಂಗಳೂರಿನ ಷೇರು ಬ್ರೋಕರ್ ಕಂಪನಿ ಜೆರೋಧ 2024ರಲ್ಲಿ ಓಪನ್ ಸೋರ್ಸಿಗೆಂದೇ ಫ್ಲಾಸ್ ಫಂಡ್ ಶುರು ಮಾಡಿತು. ವರ್ಷಕ್ಕೆ 10 ಲಕ್ಷ ಡಾಲರ್ ಮೀಸಲು, ಯಾವ ದೇಶದ ಪ್ರಾಜೆಕ್ಟಿಗಾದರೂ ಸರಿ. ಅರ್ಜಿ ಹಾಕುವುದಕ್ಕೆ ಮುಂಚೆ ಫಂಡಿಂಗ್ ಡಾಟ್ ಜೇಸನ್ ಅನ್ನೋ ಫೈಲಿನಲ್ಲಿ ಪ್ರಾಜೆಕ್ಟ್ ಏನು, ಎಷ್ಟು ಹಣ ಬೇಕು, ಹೇಗೆ ಕಳಿಸಬೇಕು ಅಂತ ಬರೆದು ನಿಮ್ಮ ರೆಪೊದಲ್ಲೋ (ಕೋಡ್ ಇಡುವ ಆನ್‌ಲೈನ್ ಜಾಗ) ವೆಬ್‌ಸೈಟಿನಲ್ಲೋ ಇಡಬೇಕು. ಇವರು ನೋಡೋದು ಈಗಾಗಲೇ ಜನ ಬಳಸುತ್ತಿರುವ ಸಾಫ್ಟ್‌ವೇರನ್ನು. ಕಾಲೇಜು ಪ್ರಾಜೆಕ್ಟನ್ನು ನೇರ ಕಳಿಸಿದರೆ ಸಿಗೋದು ಕಷ್ಟ. ಮೊದಲು ನಾಲ್ಕು ಜನ ಬಳಸುವ ಹಾಗೆ ಮಾಡಿ, ಆಮೇಲೆ ಅರ್ಜಿ ಹಾಕಿ.