ಏಳು ತಿಂಗಳ ಮಗುವಿನ ಉಸಿರು: ಗೊರಗೊರಕ್ಕಿಂತ ಎದೆ ನೋಡಿ

ಮಗುವಿಗೆ ಏಳು ತಿಂಗಳು, ನೆಗಡಿ ಶುರುವಾಗಿ ಮೂರು ದಿನ, ಡಾಕ್ಟರು ಬ್ರಾಂಕಿಯೊಲೈಟಿಸ್ (ವೈರಸ್‌ನಿಂದ ಶ್ವಾಸಕೋಶದ ಸಣ್ಣ ಕೊಳವೆಗಳು ಊದಿಕೊಳ್ಳುವ ಕಾಯಿಲೆ) ಅಂದಿದ್ದಾರೆ, ಎದೆ ಗೊರಗೊರ ಅನ್ನುತ್ತಿದೆ, ಉಸಿರಾಟಕ್ಕೆ ಕಷ್ಟ ಆಗ್ತಿದೆಯಾ ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದ್ದೀರಿ. ಆ ಗೊರಗೊರ ಎಷ್ಟೋ ಸಲ ಕಟ್ಟಿದ ಮೂಗಿನದ್ದೇ. ಮೂಗಿಗೆ ಸಲೈನ್ (ಉಪ್ಪುನೀರಿನ) ಹನಿ ಹಾಕಿದ ಮೇಲೆ ಕಡಿಮೆಯಾದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಒಳ್ಳೆ ಬೆಳಕಲ್ಲಿ, ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರಲ್ಲ. ಈ ವಯಸ್ಸಿಗೆ 50 ಅಥವಾ ಅದಕ್ಕಿಂತ ಹೆಚ್ಚಾದರೆ ವೇಗದ ಉಸಿರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವತ್ತೇ ಡಾಕ್ಟರಿಗೆ ತೋರಿಸಿ.

ಎಣಿಕೆಗಿಂತ ನಾನು ಹೆಚ್ಚು ನಂಬುವುದು ಪಕ್ಕೆಯನ್ನು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗಿನ ಭಾಗ ಒಳಕ್ಕೆ ಹೋಗುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಉಸಿರು ಬಿಡುವಾಗ ನರಳಿದಂಥ ಸದ್ದು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹಾಲು ಎಂದಿನ ಅರ್ಧಕ್ಕಿಂತ ಕಡಿಮೆ ಕುಡಿದರೂ, ಉಚ್ಚೆ ಕಡಿಮೆಯಾದರೂ ಹಾಗೆಯೇ. ಉಸಿರು ನಡುನಡುವೆ ನಿಂತರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ಅಥವಾ ನಾಲಿಗೆ ನೀಲಿಗಟ್ಟಿದರೆ ನೇರ 108ಕ್ಕೆ ಫೋನ್ ಮಾಡಿ. ಮೈಬಣ್ಣ ಕಪ್ಪಿದ್ದರೆ ನಾಲಿಗೆ, ವಸಡು ನೋಡುವುದೇ ಸರಿ.

ಈ ಕಾಯಿಲೆ ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ ಜೋರಾಗುತ್ತೆ, ಹಾಗಾಗಿ ಇವತ್ತು ರಾತ್ರಿ, ನಾಳೆ ಒಂದು ಕಣ್ಣಿಟ್ಟಿರಿ. ಅಕ್ಕಪಕ್ಕದವರು ಹೇಳುವ ಆಂಟಿಬಯೋಟಿಕ್ ವೈರಸ್‌ಗೆ ಕೆಲಸ ಮಾಡಲ್ಲ. ಎದೆಗೆ ವಿಕ್ಸ್ ಕೂಡ ಬೇಡ, ಎರಡು ವರ್ಷದ ಒಳಗಿನವರಿಗೆ ಅದು ಸಲ್ಲದು.